ಅಣುಸ್ಥಾವರದ ಬಳಿ ವಿಮಾನ: ಅಪಾಯ ಗೋಡೆಗೋ, ತಂತಿಗೋ?

2022ರ ನವೆಂಬರ್ 27, ಭಾನುವಾರ ಸಂಜೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಗೇದರ್ಸ್‌ಬರ್ಗ್ ಸುತ್ತ ದಟ್ಟ ಮಂಜು ಕವಿದಿತ್ತು. ನ್ಯೂಯಾರ್ಕ್ ಕಡೆಯಿಂದ ಬಂದ ಮೂನಿ ಎಂ20ಜೆ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಅಲ್ಲಿನ ಸಣ್ಣ ಏರ್‌ಪೋರ್ಟಿನಲ್ಲಿ ಇಳಿಯಲು ಹೊರಟು, ಇರಬೇಕಾದ ಎತ್ತರಕ್ಕಿಂತ ಬಹಳ ಕೆಳಗೆ ಬಂದು ಹೈಟೆನ್ಷನ್ ಟವರಿಗೆ ಬಡಿಯಿತು. ನೆಲಕ್ಕೆ ಬೀಳಲಿಲ್ಲ. ಸುಮಾರು 100 ಅಡಿ ಎತ್ತರದಲ್ಲಿ ಟವರಿನ ಕಬ್ಬಿಣದ ಪಟ್ಟಿಗಳ ನಡುವೆ ಮೂತಿ ತೂರಿಸಿಕೊಂಡು ಅಲ್ಲೇ ನೇತಾಡಿತು. ಒಳಗಿದ್ದ ಇಬ್ಬರೂ ಬದುಕಿದ್ದರು. ಲೈನ್ ಬಂದ್ ಮಾಡಿ, ತಂತಿಗಳನ್ನು ಅರ್ಥಿಂಗ್ ಮಾಡಿ, ವಿಮಾನ ಜಾರದಂತೆ ಟವರಿಗೆ ಬಿಗಿದು ಅವರನ್ನು ಇಳಿಸುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. 80 ಸಾವಿರಕ್ಕೂ ಹೆಚ್ಚು ಗ್ರಾಹಕರ ಕರೆಂಟ್ ಹೋಯಿತು. ಮಾರನೆಯ ದಿನ ಕೌಂಟಿಯ ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಆ ಟವರು ಅಣುಸ್ಥಾವರದ್ದಾಗಿರಲಿಲ್ಲ. ಅದೇ ರಾಜ್ಯದ ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಥಾವರ ಅಲ್ಲಿಂದ ಬಹುದೂರ, ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿದೆ. ಆದರೂ ಒಂದು ಟನ್ ತೂಗುವ ವಿಮಾನ ಒಂದು ಊರಿನ ವಿದ್ಯುತ್ತನ್ನು ಹೀಗೆ ನಿಲ್ಲಿಸಬಹುದಾದರೆ, ಅದೇ ವಿಮಾನ ಸ್ಥಾವರದ ಲೈನಿಗೆ ಬಡಿದರೆ ಏನಾದೀತು ಎಂಬ ಪ್ರಶ್ನೆ ಸಹಜ. ಅರ್ಧ ಶತಮಾನದಿಂದ ಈ ಪ್ರಶ್ನೆಗೆ ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಉತ್ತರ ಹೇಳುತ್ತ ಬಂದಿದ್ದಾರೆ. ಸಿವಿಲ್ ಎಂಜಿನಿಯರ್ ಗೋಡೆ ನೋಡುತ್ತಾನೆ, ಸಂಖ್ಯಾಶಾಸ್ತ್ರಜ್ಞ ಸಂಭವನೀಯತೆ ನೋಡುತ್ತಾನೆ, ಭದ್ರತೆಯವರು ಪೈಲಟ್ಟಿನ ಉದ್ದೇಶ ನೋಡುತ್ತಾರೆ, ವಿದ್ಯುತ್ ಎಂಜಿನಿಯರ್ ತಂತಿ ನೋಡುತ್ತಾನೆ. ನನ್ನ ಮಟ್ಟಿಗೆ, ಸಣ್ಣ ವಿಮಾನದ ಮಾತು ಬಂದಾಗ ಈ ಕೊನೆಯವನಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಆತಂಕ ಶುರುವಾದದ್ದು

ಅಣುಸ್ಥಾವರಗಳನ್ನು ಕಟ್ಟಲು ಹೊರಟ ಮೊದಲ ತಲೆಮಾರಿಗೆ ವಿಮಾನದ ಚಿಂತೆ ದೊಡ್ಡದಾಗಿರಲಿಲ್ಲ. ಪಕ್ಕದಲ್ಲೇ ಏರ್‌ಪೋರ್ಟ್ ಇದ್ದ ಕಡೆ ಮಾತ್ರ ಯೋಚಿಸಿದರು. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರ ಹ್ಯಾರಿಸ್‌ಬರ್ಗ್ ವಿಮಾನ ನಿಲ್ದಾಣಕ್ಕೆ ಕೆಲವೇ ಮೈಲಿ ದೂರದಲ್ಲಿದ್ದುದರಿಂದ ಅದರ ರಿಯಾಕ್ಟರ್ ಸುತ್ತಲಿನ ಕವಚವನ್ನು ದೊಡ್ಡ ವಿಮಾನದ ಬಡಿತ ತಾಳುವಂತೆ ಕಟ್ಟಿದರು. 1979ರಲ್ಲಿ ಅದೇ ಸ್ಥಾವರದ ಎರಡನೇ ಘಟಕದ ಇಂಧನ ಕರಗಿತು. ವಿಮಾನದಿಂದಲ್ಲ, ಒಂದು ವಾಲ್ವು ಮುಚ್ಚಿಕೊಳ್ಳದೆ ತೆರೆದೇ ಉಳಿದು, ನಿಯಂತ್ರಣ ಕೊಠಡಿಯಲ್ಲಿದ್ದವರಿಗೆ ಒಳಗೇನಾಗುತ್ತಿದೆ ಎಂದು ತಿಳಿಯದೆ ಹೋದದ್ದರಿಂದ.

1971ರ ಜನವರಿ 7ರಂದು ಮಿಷಿಗನ್‌ನಲ್ಲಿ, ಕೆಳಮಟ್ಟದ ಹಾರಾಟದ ಅಭ್ಯಾಸದಲ್ಲಿದ್ದ ಬಿ-52 ಬಾಂಬರ್ ಬಿಗ್ ರಾಕ್ ಪಾಯಿಂಟ್ ಸ್ಥಾವರದ ಸಮೀಪ ಸರೋವರಕ್ಕೆ ಬಿತ್ತು. ಒಂಬತ್ತು ಮಂದಿ ಸತ್ತರು. ಮರುವರ್ಷ ನವೆಂಬರಿನಲ್ಲಿ ಸದರ್ನ್ ಏರ್‌ವೇಸ್‌ನ ವಿಮಾನವನ್ನು ಅಪಹರಿಸಿದವರು ಅದನ್ನು ಓಕ್ ರಿಡ್ಜ್‌ನ ಸಂಶೋಧನಾ ರಿಯಾಕ್ಟರಿಗೆ ಅಪ್ಪಳಿಸುವುದಾಗಿ ಬೆದರಿಸಿದಾಗ ರಿಯಾಕ್ಟರನ್ನೇ ನಿಲ್ಲಿಸಬೇಕಾಯಿತು. ಪಶ್ಚಿಮ ಜರ್ಮನಿಯಲ್ಲಿ ವಾಯುಪಡೆಯ ಸ್ಟಾರ್‌ಫೈಟರ್‌ಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಕೊನೆಗೆ ಲೆಕ್ಕ ಹಾಕಿದರೆ ಸುಮಾರು 290 ವಿಮಾನ ನಾಶವಾಗಿ, ನೂರಕ್ಕೂ ಹೆಚ್ಚು ಪೈಲಟ್‌ಗಳು ಜೀವ ತೆತ್ತಿದ್ದರು. ಅಷ್ಟು ವಿಮಾನ ಬೀಳುವ ದೇಶದಲ್ಲಿ ಅಣುಸ್ಥಾವರ ಕಟ್ಟುವವರಿಗೆ ಗೋಡೆ ದಪ್ಪ ಮಾಡದೆ ಬೇರೆ ದಾರಿ ಇರಲಿಲ್ಲ. ಮೊದಲು ಸ್ಟಾರ್‌ಫೈಟರ್, ಆಮೇಲೆ ಅದಕ್ಕಿಂತ ಭಾರದ ಫ್ಯಾಂಟಮ್ ಅಲ್ಲಿನ ವಿನ್ಯಾಸದ ಮಾನದಂಡವಾಯಿತು.

ಗೋಡೆಯ ಲೆಕ್ಕ

ಗೋಡೆಯ ಪಂಥಕ್ಕೆ ಗಣಿತ ಒದಗಿಸಿದವರು ಹೋರ್ಹೆ ರಿಯೆರಾ. 1968ರ ಅವರ ಪ್ರಬಂಧದ ತಿರುಳು ಇಷ್ಟು: ವಿಮಾನ ಗಟ್ಟಿ ಗುಂಡಲ್ಲ, ಮೂತಿಯಿಂದ ಬಾಲದವರೆಗೆ ಜಜ್ಜಿಹೋಗುತ್ತ ಬರುವ ಪೊಳ್ಳು ವಸ್ತು. ಹಾಗಾಗಿ ಗೋಡೆಯ ಮೇಲಿನ ಒತ್ತಡ ಎರಡು ಭಾಗದ್ದು. ಒಡಲು ಜಜ್ಜಲು ಬೇಕಾಗುವ ಬಲ ಒಂದು. ಹಿಂದಿನಿಂದ ನುಗ್ಗಿ ಬಂದು ನಿಲ್ಲುವ ದ್ರವ್ಯರಾಶಿಯ ಬಲ ಇನ್ನೊಂದು, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಜವಾಗಿ ತೂತು ಕೊರೆಯುವ ತಾಕತ್ತಿರುವುದು ಎಂಜಿನ್ನಿಗೆ.

ಈ ಲೆಕ್ಕ ಸರಿಯೇ ಎಂದು ನೋಡಲು 1988ರ ಏಪ್ರಿಲಿನಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ ಒಂದು ನಿಜವಾದ ಫ್ಯಾಂಟಮ್ ವಿಮಾನವನ್ನು ರಾಕೆಟ್ ಗಾಡಿಯ ಮೇಲೆ ಕೂರಿಸಿ ಗಂಟೆಗೆ ಸುಮಾರು 770 ಕಿ.ಮೀ. ವೇಗದಲ್ಲಿ 3.66 ಮೀಟರ್ ದಪ್ಪದ ಕಾಂಕ್ರೀಟ್ ದಿಮ್ಮಿಗೆ ಗುದ್ದಿಸಿತು. ವಿಮಾನ ಪುಡಿಯಾಯಿತು, ದಿಮ್ಮಿಯಲ್ಲಿ ಬಿದ್ದ ಗುಳಿ ಆರು ಸೆಂಟಿಮೀಟರಿನಷ್ಟು. ಆ ಚಿತ್ರೀಕರಣವನ್ನು ಅಣುಶಕ್ತಿಯ ಪರವಾಗಿರುವವರು ಇಂದಿಗೂ ತೋರಿಸುತ್ತಾರೆ. ಆದರೆ ಆ ದಿಮ್ಮಿ ಯಾವ ಸ್ಥಾವರದ ಗೋಡೆಯ ಮಾದರಿಯೂ ಆಗಿರಲಿಲ್ಲ. ಬಲವನ್ನು ಅಳೆಯಲು ಅನುಕೂಲವಾಗಲೆಂದು ಅದು ಹಿಂದಕ್ಕೆ ಸರಿಯುವಂತೆ ಇಟ್ಟಿದ್ದರು, ಮತ್ತು ಅದರ ದಪ್ಪ ಸಾಮಾನ್ಯ ಕವಚದ ಗೋಡೆಗಿಂತ ಎಷ್ಟೋ ಹೆಚ್ಚು. ಪ್ರಯೋಗದ ಗುರಿ ರಿಯೆರಾ ಸೂತ್ರದ ಪರೀಕ್ಷೆ. ಪರೀಕ್ಷೆಯಲ್ಲಿ ಸೂತ್ರ ಗೆದ್ದಿತು. ಅದನ್ನೇ ಸ್ಥಾವರಗಳ ಅಭೇದ್ಯತೆಗೆ ಸಾಕ್ಷಿ ಎಂದು ತೋರಿಸುವುದು ಆ ವಿಜ್ಞಾನಿಗಳ ಕೆಲಸಕ್ಕೇ ಮಾಡುವ ಅನ್ಯಾಯ.

ಸಣ್ಣ ವಿಮಾನದ ವಿಷಯದಲ್ಲಿ ಮಾತ್ರ ಗೋಡೆಯ ಪಂಥದವರ ಮಾತಿಗೆ ಎದುರಾಡುವುದು ಕಷ್ಟ. ಸೆಸ್ನಾ 172 ತುಂಬಿದ ತೂಕದಲ್ಲಿ ಸುಮಾರು 1,100 ಕಿಲೊ. ಅದು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಬಡಿದರೆ ಒಯ್ಯುವ ಚಲನಶಕ್ತಿ ಎರಡು ಮೆಗಾಜೂಲ್. ಜರ್ಮನಿ ಮಾನದಂಡ ಮಾಡಿಕೊಂಡ, ಸೆಕೆಂಡಿಗೆ 215 ಮೀಟರ್ ವೇಗದ 20 ಟನ್ ಫ್ಯಾಂಟಮ್ ಒಯ್ಯುವುದು ಅದರ 200 ಪಟ್ಟಿಗೂ ಹೆಚ್ಚು. ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಖಾಸಗಿ ಸಣ್ಣ ವಿಮಾನಗಳೇ ಹೆಚ್ಚು ಬೀಳುವುದರಿಂದ, ಒಂದೂವರೆ ಟನ್ನಿನ ಸೆಸ್ನಾ 210 ಮತ್ತು 5.7 ಟನ್ನಿನ ಲಿಯರ್‌ಜೆಟ್ 23 ಇವೆರಡನ್ನೇ ಅಳತೆಗೋಲಾಗಿ ಇಟ್ಟುಕೊಂಡು ತನ್ನ ಸ್ಥಾವರಗಳನ್ನು ಕಟ್ಟಿತು.

ಗೋಡೆಯ ಪಂಥ ವಿವರಿಸದೆ ಬಿಡುವುದು ಗೋಡೆಯ ಹೊರಗಿರುವುದನ್ನು. ಬಳಸಿದ ಇಂಧನದ ಕೊಳದ ಕಟ್ಟಡ, ನೀರೆತ್ತುವ ಪಂಪ್‌ಹೌಸ್, ಟ್ರಾನ್ಸ್‌ಫಾರ್ಮರ್, ಸ್ವಿಚ್‌ಯಾರ್ಡ್, ಅಲ್ಲಿಂದ ಹೊರಟ ಟವರ್‌ಗಳ ಸಾಲು. ಇವುಗಳಲ್ಲಿ ಹಲವಕ್ಕೆ ತಗಡಿನ ಹೊದಿಕೆಯೂ ಇಲ್ಲ.

ಕೋಟಿಗೊಂದು

ಎರಡನೆಯ ಪಂಥ ಸಂಭವನೀಯತೆಯದು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಪರಿಶೀಲನಾ ಸೂತ್ರದಲ್ಲಿ, ಭಾರೀ ವಿಕಿರಣ ಸೋರಿಕೆಗೆ ದಾರಿಯಾಗುವ ವಿಮಾನಾಪಘಾತದ ಸಾಧ್ಯತೆ ವರ್ಷಕ್ಕೆ ಕೋಟಿಯಲ್ಲಿ ಒಂದರ ಆಸುಪಾಸಿಗಿಂತ ಕಡಿಮೆ ಇದ್ದರೆ ಅದಕ್ಕೆಂದೇ ವಿನ್ಯಾಸ ಬದಲಿಸಬೇಕಿಲ್ಲ. ಹತ್ತಿರದ ಏರ್‌ಪೋರ್ಟ್ ಎಷ್ಟು ದೂರ, ವರ್ಷಕ್ಕೆ ಎಷ್ಟು ಹಾರಾಟ, ಎಂಥ ವಿಮಾನ, ಕಟ್ಟಡದ ಹರವು ಎಷ್ಟು ಎಂಬುದನ್ನು ಗುಣಿಸಿ ಈ ಸಂಖ್ಯೆ ತೆಗೆಯುತ್ತಾರೆ. ಜಾಗ ಆಯ್ಕೆಗೆ ಇದು ಒಳ್ಳೆಯ ಸಾಧನ. ಹಣವಾಗಲಿ ಕಾಂಕ್ರೀಟಾಗಲಿ ಮಿತಿಯಿಲ್ಲದೆ ಸಿಗುವುದಿಲ್ಲವಾದ್ದರಿಂದ, ಯಾವ ಅಪಾಯಕ್ಕೆ ಎಷ್ಟು ಎಂದು ಯಾರಾದರೂ ಲೆಕ್ಕ ಹಾಕಲೇಬೇಕು.

ಆದರೆ ಈ ಗುಣಾಕಾರದಲ್ಲಿ ವಿಮಾನ ಎಲ್ಲಿ ಬೇಕಾದರೂ ಬೀಳಬಹುದಾದ ವಸ್ತು. ನಿಜದಲ್ಲಿ ಹಾಗಿಲ್ಲ. ಕಣ್ಣಳತೆಯಲ್ಲಿ ಹಾರುವ ಪೈಲಟ್‌ಗಳು ನದಿಯ ಜಾಡು ಹಿಡಿಯುತ್ತಾರೆ. ಹಲವು ಸ್ಥಾವರಗಳಿರುವುದು ನದಿ ದಂಡೆಯಲ್ಲೇ. ದೂರದಿಂದ ಕಾಣುವ ಕೂಲಿಂಗ್ ಟವರ್ ಅವರಿಗೆ ದಾರಿಗುರುತು. ಸ್ಥಾವರದಿಂದ ಹೊರಟ ಲೈನುಗಳು ಅದೇ ನದಿಯನ್ನು ದಾಟುತ್ತವೆ. ಇನ್ನು ಕಟ್ಟಡದ ಹರವನ್ನಷ್ಟೇ ಗುರಿ ಎಂದು ಎಣಿಸಿದರೆ, ಮೈಲಿಗಟ್ಟಲೆ ಹಬ್ಬಿದ ತಂತಿ ಲೆಕ್ಕದ ಹೊರಗೇ ಉಳಿಯುತ್ತದೆ.

ತಂತಿಯ ಕಡೆಯಿಂದ ನೋಡಿದರೆ

ವಿದ್ಯುತ್ ತಯಾರಿಸುವ ಸ್ಥಾವರಕ್ಕೇ ಹೊರಗಿನ ವಿದ್ಯುತ್ ಏಕೆ ಬೇಕು? ಅಣುಶಕ್ತಿಯ ಚರ್ಚೆಯಲ್ಲಿ ಎಲ್ಲಕ್ಕಿಂತ ಮೊದಲು ವಿವರಿಸಬೇಕಾದ ಸಂಗತಿ ಇದು. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಇಂಧನದೊಳಗಿನ ವಿಕಿರಣಶೀಲ ಚೂರುಗಳು ಶಾಖ ಹೊಮ್ಮಿಸುತ್ತಲೇ ಇರುತ್ತವೆ. ನಿಲ್ಲಿಸಿದ ಕೂಡಲೇ ಪೂರ್ಣ ಶಾಖದ ಸುಮಾರು ಶೇ 6, ಒಂದು ಗಂಟೆಯ ನಂತರ ಶೇ 1.5ರಷ್ಟು, ಒಂದು ದಿನ ಕಳೆದರೆ ಶೇ 0.5ರಷ್ಟು. ನಮ್ಮ ಕೈಗಾದಂಥ 220 ಮೆಗಾವ್ಯಾಟ್ ಘಟಕದ ಶಾಖಶಕ್ತಿ ಸುಮಾರು 750 ಮೆಗಾವ್ಯಾಟ್. ಅಂದರೆ ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಅದರೊಳಗೆ 45 ಮೆಗಾವ್ಯಾಟ್ ಶಾಖ ಇರುತ್ತದೆ. ಅದನ್ನು ಹೊರಹಾಕಲು ನೀರು ಓಡಬೇಕು, ನೀರು ಓಡಲು ಪಂಪ್ ತಿರುಗಬೇಕು, ಪಂಪಿಗೆ ವಿದ್ಯುತ್ ಬೇಕು. ಗ್ರಿಡ್ ಹೋದರೆ ಡೀಸೆಲ್ ಜನರೇಟರ್, ಅದೂ ಹೋದರೆ ಬ್ಯಾಟರಿ. ಬ್ಯಾಟರಿ ಬಾಳುವುದು ಕೆಲವೇ ಗಂಟೆ, ಅದೂ ಮೀಟರ್‌ಗಳಿಗೆ ಮತ್ತು ವಾಲ್ವ್‌ಗಳಿಗೆ. ದೊಡ್ಡ ಪಂಪ್ ಅದರಿಂದ ತಿರುಗುವುದಿಲ್ಲ.

1975ರಲ್ಲಿ ನಾರ್ಮನ್ ರಾಸ್ಮುಸೆನ್ ನೇತೃತ್ವದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು: ಇಡೀ ಸ್ಥಾವರ ಕತ್ತಲಾಗುವುದು ಇಂಧನ ಕರಗುವ ಮುಖ್ಯ ದಾರಿಗಳಲ್ಲೊಂದು. 1988ರಲ್ಲಿ ಅಮೆರಿಕ ಅದಕ್ಕೆಂದೇ ಪ್ರತ್ಯೇಕ ನಿಯಮ ತಂದಿತು. ಎರಡು ವರ್ಷವೂ ಆಗಿರಲಿಲ್ಲ, ಜಾರ್ಜಿಯಾದ ವೋಗ್ಲ್ ಸ್ಥಾವರದಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1990ರ ಮಾರ್ಚ್ 20ರ ಬೆಳಿಗ್ಗೆ. ಮೊದಲನೇ ಘಟಕ ಇಂಧನ ಬದಲಾವಣೆಗಾಗಿ ನಿಂತಿತ್ತು. ರಿಪೇರಿಗೆಂದು ಒಂದು ಟ್ರಾನ್ಸ್‌ಫಾರ್ಮರ್ ಬಂದ್, ಎರಡು ಡೀಸೆಲ್ ಜನರೇಟರ್‌ಗಳಲ್ಲಿ ಒಂದು ಬಿಚ್ಚಿಟ್ಟಿತ್ತು. ಎಣ್ಣೆ ತುಂಬಿದ ಒಂದು ಸರ್ವಿಸ್ ಲಾರಿ ಸ್ವಿಚ್‌ಯಾರ್ಡಿನಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ 230 ಕಿಲೋವೋಲ್ಟ್ ಲೈನಿನ ಆಧಾರ ಕಂಬಕ್ಕೆ ತಾಗಿತು. ಉಳಿದಿದ್ದ ಹೊರಗಿನ ವಿದ್ಯುತ್ತೂ ಹೋಯಿತು. ಇದ್ದೊಂದು ಡೀಸೆಲ್ ಜನರೇಟರ್ ಶುರುವಾಗಿ ನಿಂತಿತು, ಮತ್ತೆ ಶುರುವಾಗಿ ಮತ್ತೆ ನಿಂತಿತು. 36 ನಿಮಿಷ ಆ ಘಟಕದ ಸುರಕ್ಷತಾ ಉಪಕರಣಗಳಿಗೆ ವಿದ್ಯುತ್ ಇರಲಿಲ್ಲ. ಅಷ್ಟರಲ್ಲಿ ರಿಯಾಕ್ಟರಿನ ನೀರು 32 ಡಿಗ್ರಿಯಿಂದ 58 ಡಿಗ್ರಿಗೆ ಏರಿತ್ತು. ಕೊನೆಗೆ ಸಿಬ್ಬಂದಿ ತುರ್ತು ಕ್ರಮದಲ್ಲಿ ಜನರೇಟರನ್ನು ಚಾಲೂ ಮಾಡಿದರು, ಯಾರಿಗೂ ವಿಕಿರಣ ತಗಲಲಿಲ್ಲ.

ಲಾರಿಯ ಜಾಗದಲ್ಲಿ ಸೆಸ್ನಾ ಇಟ್ಟು ನೋಡಿ. ಗೋಡೆಯ ಪಂಥದ ಲೆಕ್ಕದಲ್ಲಿ ಅದರ ಶಕ್ತಿ ಜುಜುಬಿ, ಸಂಭವನೀಯತೆಯ ಲೆಕ್ಕದಲ್ಲಿ ಅದು ಕಟ್ಟಡಕ್ಕೆ ಬಡಿಯಲೇ ಇಲ್ಲ. ಆದರೂ ಒಂದು ಟ್ರಾನ್ಸ್‌ಫಾರ್ಮರ್ ಬಿಚ್ಚಿಟ್ಟ ದಿನ, ಒಂದು ಜನರೇಟರ್ ಸತಾಯಿಸುವ ದಿನ ಆ ಬಡಿತದ ಪರಿಣಾಮವನ್ನು ನಿರ್ಧರಿಸುವುದು ವಿಮಾನದ ತೂಕವಲ್ಲ. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ರಾತ್ರಿ ಕ್ಯಾಲ್ವರ್ಟ್ ಕ್ಲಿಫ್ಸ್‌ನ ಮೊದಲ ಘಟಕ ತಾನಾಗಿ ನಿಂತದ್ದು, ಕಟ್ಟಡದಿಂದ ಹಾರಿಬಂದ ಒಂದು ಅಲ್ಯೂಮಿನಿಯಂ ತಗಡು ಟ್ರಾನ್ಸ್‌ಫಾರ್ಮರಿಗೆ ತಾಗಿದ್ದಕ್ಕೆ. 2006ರ ಜುಲೈನಲ್ಲಿ ಸ್ವೀಡನ್ನಿನ ಫೋರ್ಸ್‌ಮಾರ್ಕ್‌ನಲ್ಲಿ, ಹೊರಗಿನ ಸ್ವಿಚ್‌ಯಾರ್ಡಿನ ಶಾರ್ಟ್ ಸರ್ಕ್ಯೂಟ್ ಒಳಗಿನ ವಿದ್ಯುತ್ ವ್ಯವಸ್ಥೆಗೂ ಹರಡಿ, ನಾಲ್ಕು ತುರ್ತು ಜನರೇಟರ್‌ಗಳಲ್ಲಿ ಎರಡು ಕೈಕೊಟ್ಟವು. ಫುಕುಶಿಮಾದಲ್ಲಿ ಸುನಾಮಿಗೂ ಮೊದಲೇ ಭೂಕಂಪಕ್ಕೆ ಹೊರಗಿನ ವಿದ್ಯುತ್ ಹೋಗಿತ್ತು. ಪಕ್ಕದ ಮಣ್ಣಿನ ದಿಬ್ಬ ಕುಸಿದು ಒಂದು ಟವರು ಉರುಳಿದ್ದು ಅದರ ಒಂದು ಭಾಗ. ಡೀಸೆಲ್ ಜನರೇಟರ್‌ಗಳು ಕೆಲಸ ಮಾಡಿದವು, ಮುಕ್ಕಾಲು ಗಂಟೆಯ ನಂತರ ನೀರು ನುಗ್ಗಿ ಅವುಗಳನ್ನು ಮುಳುಗಿಸಿತು.

ತಂತಿಯ ಪಂಥಕ್ಕೂ ಒಂದು ಉತ್ತರ ಕೊಡುತ್ತಾರೆ: ಒಂದು ಲೈನು ಹೋದರೆ ಇನ್ನೊಂದಿದೆ. ನಿಜ, ಅಮೆರಿಕದ ವಿನ್ಯಾಸ ನಿಯಮ ಗ್ರಿಡ್ಡಿನಿಂದ ಎರಡು ಪ್ರತ್ಯೇಕ ಸರ್ಕ್ಯೂಟ್ ಕಡ್ಡಾಯ ಮಾಡಿದೆ. ಅದೇ ನಿಯಮ, ಎರಡೂ ಬೇರೆ ಬೇರೆ ಕಾರಿಡಾರ್‌ನಲ್ಲೇ ಬರಬೇಕೆಂದಿಲ್ಲ, ಒಂದೇ ಸ್ವಿಚ್‌ಯಾರ್ಡ್ ಹಂಚಿಕೊಳ್ಳಬಹುದು ಎಂದೂ ಹೇಳುತ್ತದೆ. ಭೂಸ್ವಾಧೀನದ ಖರ್ಚು ಬಲ್ಲವರಿಗೆ ಈ ಸಡಿಲಿಕೆ ಏಕೆಂದು ಅರ್ಥವಾಗುತ್ತದೆ. ಆದರೆ ಅಕ್ಕಪಕ್ಕದ ಎರಡು ಟವರ್ ಸಾಲಿನ ನಡುವೆ ವಿಮಾನ ಬಿದ್ದರೆ ಆ ಪ್ರತ್ಯೇಕತೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಆಕಾಶಕ್ಕೆ ಬೇಲಿ

2001ರ ಸೆಪ್ಟೆಂಬರ್ 11ರ ನಂತರ ಪ್ರಶ್ನೆಯ ದಿಕ್ಕೇ ಬದಲಾಯಿತು. ದಾಳಿಕೋರರ ಮುಖಂಡ ನ್ಯೂಯಾರ್ಕ್ ಬಳಿಯ ಒಂದು ಅಣುಸ್ಥಾವರವನ್ನೂ ಗುರಿಯಾಗಿ ಯೋಚಿಸಿದ್ದನೆಂದು ತನಿಖಾ ಆಯೋಗದ ವರದಿ ಹೇಳಿತು. ಅಕ್ಟೋಬರ್ ಕೊನೆಯಲ್ಲಿ ಸುಮಾರು ಒಂದು ವಾರ ಅಮೆರಿಕದ ಅಣುಸ್ಥಾವರಗಳ ಸುತ್ತ ಸಣ್ಣ ವಿಮಾನಗಳ ಹಾರಾಟ ನಿಷೇಧವಾಯಿತು. ಆಮೇಲೆ ಅದು ಸಲಹೆಯ ಮಟ್ಟಕ್ಕೆ ಇಳಿಯಿತು: ಸ್ಥಾವರದ ಮೇಲೆ ಸುತ್ತು ಹಾಕಬೇಡಿ, ಸಾಧ್ಯವಾದಷ್ಟು ದೂರವಿರಿ. ಸಣ್ಣ ವಿಮಾನದ ಮಾಲೀಕರ ಸಂಘ, ತಮ್ಮ ವಿಮಾನಗಳಿಂದ ಕವಚಕ್ಕೆ ಏನೂ ಆಗದೆಂದು ವಾದಿಸಿತು. ಕವಚದ ಮಟ್ಟಿಗೆ ಅದು ಸರಿಯಾದ ವಾದ.

ನಿಯಂತ್ರಣ ಆಯೋಗ 2007ರಲ್ಲಿ, ವಿಮಾನದ ದಾಳಿಯನ್ನು ತಡೆಯುವುದು ಸ್ಥಾವರದ ಕಾವಲುಗಾರರ ಹೊಣೆಯಲ್ಲ, ಸರ್ಕಾರದ್ದು ಎಂದು ತೀರ್ಮಾನಿಸಿತು. 2009ರಲ್ಲಿ, ಹೊಸದಾಗಿ ಕಟ್ಟುವ ರಿಯಾಕ್ಟರ್‌ಗಳು ದೊಡ್ಡ ಪ್ರಯಾಣಿಕ ವಿಮಾನದ ಬಡಿತವನ್ನು ವಿನ್ಯಾಸದಲ್ಲೇ ಪರಿಶೀಲಿಸಬೇಕು ಎಂದಿತು. ಹಳೆಯವಕ್ಕೆ ಅದು ಅನ್ವಯಿಸಲಿಲ್ಲ. ಫ್ರಾನ್ಸ್ ಸ್ಥಾವರಗಳ ಸುತ್ತ ಐದು ಕಿಲೋಮೀಟರ್ ಹಾರಾಟ ನಿಷೇಧಿಸಿದೆ. ಆದರೂ 2018ರ ಜುಲೈನಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಸೂಪರ್‌ಮ್ಯಾನ್ ಆಕಾರದ ಡ್ರೋನನ್ನು ಬ್ಯುಜೆ ಸ್ಥಾವರದ ಕಟ್ಟಡಕ್ಕೆ ತಾಗಿಸಿ ಬಂದರು. ಬೇಲಿಯ ಮೂಲ ತೊಂದರೆ ಇದೇ. ಕಾನೂನು ಪಾಲಿಸುವ ಪೈಲಟ್ಟನ್ನು ಅದು ದೂರವಿಡುತ್ತದೆ. ಮಂಜಿನಲ್ಲಿ ದಾರಿ ತಪ್ಪಿದವನನ್ನು, ಎಂಜಿನ್ ಕೆಟ್ಟವನನ್ನು, ಬೇಕೆಂದೇ ಬರುವವನನ್ನು ತಡೆಯಲಾರದು.

ಕಣ್ಣಿಗೆ ಬೀಳದ ತಂತಿ

ಪೈಲಟ್‌ಗಳ ಅನುಭವ ಇಲ್ಲಿ ದೊಡ್ಡ ಸಾಕ್ಷ್ಯ, ಅಣುಶಕ್ತಿಯ ಚರ್ಚೆಯಲ್ಲಿ ಅದು ಬರುವುದೇ ಅಪರೂಪ. ಮೇಲಿನಿಂದ ತಂತಿ ಕಾಣುವುದಿಲ್ಲ. ಟವರನ್ನು ನೋಡಿ ತಂತಿಯನ್ನು ಊಹಿಸಬೇಕು. ಎಲ್ಲಕ್ಕಿಂತ ಮೇಲೆ ಎಳೆದಿರುವ, ಸಿಡಿಲಿನಿಂದ ಕಾಪಾಡುವ ಅರ್ಥ್ ವೈರ್ ಕೆಳಗಿನ ತಂತಿಗಳಿಗಿಂತ ತೆಳು. ಕೆಳಗಿನವು ಕಂಡು ಮೇಲೇರಿಸಿದ ಪೈಲಟ್ ಅದಕ್ಕೆ ಸಿಕ್ಕಿಕೊಳ್ಳುತ್ತಾನೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನಗಳ ಅಪಘಾತಗಳನ್ನು ನೋಡಿದಾಗ, ತಂತಿಗೆ ಬಡಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅಲ್ಲಿ ತಂತಿ ಇದೆಯೆಂದು ಮೊದಲೇ ಗೊತ್ತಿತ್ತು. ಕಿತ್ತಳೆ ಬಣ್ಣದ ಗೋಳಗಳು, ಮಿನುಗುದೀಪಗಳು ಪರಿಹಾರದ ಒಂದು ಭಾಗ. ಆದರೆ ಅಮೆರಿಕದಲ್ಲಿ ಸಾಮಾನ್ಯವಾಗಿ 200 ಅಡಿ ಮೀರಿದ ರಚನೆಗಳಿಗೆ ಮಾತ್ರ ವಾಯುಯಾನ ಇಲಾಖೆಗೆ ಸೂಚನೆ ಕೊಡಬೇಕು. ಅದಕ್ಕಿಂತ ಕೆಳಗಿನ ಬಹಳಷ್ಟು ಟವರುಗಳಿಗೆ ಗುರುತೇ ಇರುವುದಿಲ್ಲ, ಏರ್‌ಪೋರ್ಟ್ ಹತ್ತಿರವಿಲ್ಲದಿದ್ದರೆ.

ಕೈಗಾದಲ್ಲಿ ನಿಂತು

ಕಾಳಿ ನದಿಯ ದಂಡೆಯಲ್ಲಿ, ದಟ್ಟ ಕಾಡಿನ ನಡುವೆ ಇರುವ ಕೈಗಾದ ನಾಲ್ಕು ಘಟಕಗಳಿಗೂ ಈ ಚರ್ಚೆ ಸೇರಿದ್ದೇ. ಕಾರವಾರದ ನೌಕಾನೆಲೆ ಬೆಳೆಯುತ್ತಿದೆ, ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇದೆ. ಹಾರಾಟ ಹೆಚ್ಚಿದಂತೆ ಮೇಲಿನ ಗುಣಾಕಾರವನ್ನು ಮತ್ತೆ ಮಾಡಬೇಕಾಗುತ್ತದೆ. ಆದರೆ ಘಟ್ಟದಲ್ಲಿ ತಂತಿ ಹರಿಯಲು ವಿಮಾನವೇ ಬರಬೇಕೆಂದಿಲ್ಲ. 2021ರಲ್ಲಿ ಯಲ್ಲಾಪುರದ ಕಳಚೆ, 2024ರಲ್ಲಿ ಅಂಕೋಲಾದ ಶಿರೂರು: ಉತ್ತರ ಕನ್ನಡದ ಗುಡ್ಡಗಳು ಹೇಗೆ ಜಾರುತ್ತವೆ ಎಂದು ನಾವೆಲ್ಲ ನೋಡಿದ್ದೇವೆ. ಫುಕುಶಿಮಾದ ಉರುಳಿದ ಟವರಿನ ಪಾಠ ನಮಗೆ ಸೆಸ್ನಾದ ಪಾಠಕ್ಕಿಂತ ಹತ್ತಿರದ್ದು.

ಭಾರತಕ್ಕೆ ತನ್ನದೇ ಅನುಭವವೂ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಬ್ಲೇಡ್ ಮುರಿದು ಬೆಂಕಿ ಹೊತ್ತಿತು, ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರ ವಿದ್ಯುತ್ತಿಲ್ಲದೆ ಉಳಿಯಿತು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಬಿಸಿನೀರು ಮೇಲೇರಿ ತಣಿದದ್ದು ಕೆಳಗಿಳಿಯುವ ಸಹಜ ಹರಿವೇ ಇಂಧನವನ್ನು ತಂಪಾಗಿಟ್ಟಿತು. ಹೊರಗೆ ವಿಕಿರಣ ಸೋರಲಿಲ್ಲ. ಆ ರಾತ್ರಿ ದುಡಿದ ಸಿಬ್ಬಂದಿಗೆ ಈ ದೇಶ ಋಣಿ. ಕೈಗಾದ ಘಟಕಗಳೂ ಅದೇ ಭಾರಜಲ ರಿಯಾಕ್ಟರ್ ವಂಶದವು. ಆ ಸಹಜ ಹರಿವು ನಿಜವಾದ ಬಲ, ಆದರೆ ಸ್ಟೀಮ್ ಜನರೇಟರಿಗೆ ಹೊರಗಿನಿಂದ ನೀರು ಸಿಗುವವರೆಗೆ ಮಾತ್ರ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು, ಕೂಡುವ ಲೆಕ್ಕ. ವಿಮಾನ, ಬಿರುಗಾಳಿ, ಲಾರಿ, ಗುಡ್ಡಕುಸಿತ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯುವ ಪದ್ಧತಿ ಗಟ್ಟಿಯಾಗಿದೆ. ಲೈನು ಹೋದದ್ದು, ಜನರೇಟರ್ ರಿಪೇರಿಯಲ್ಲಿರುವುದು, ಮಂಜಿನಿಂದ ರಸ್ತೆ ಬಂದ್ ಆಗಿರುವುದು ಒಂದೇ ದಿನ ಕೂಡಿಬರುವುದನ್ನು ಹೇಗೆ ಅಳೆಯಬೇಕು ಎಂಬುದರಲ್ಲಿ ಪರಿಣತರಲ್ಲೇ ಒಮ್ಮತವಿಲ್ಲ.

ಎರಡನೆಯದು, ಎಷ್ಟು ಕಾಲ ತಡೆದುಕೊಳ್ಳಬೇಕು ಎಂಬುದು. ಹಳೆಯ ನಿಯಮಗಳು ಗಂಟೆಗಳ ಲೆಕ್ಕದಲ್ಲಿದ್ದವು. ಫುಕುಶಿಮಾದ ನಂತರ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಪಂಪು, ಜನರೇಟರುಗಳ ವ್ಯವಸ್ಥೆ ಬಂತು. ಯುಕ್ರೇನಿನ ಝಪೊರಿಝಿಯಾದಲ್ಲಿ ಯುದ್ಧಕ್ಕೆ ಮೊದಲು ಇದ್ದ ಹತ್ತು ಲೈನುಗಳು ಒಂದೊಂದಾಗಿ ಕಡಿದು, 2022ರಿಂದ ಈಚೆಗೆ ಸ್ಥಾವರ ಮತ್ತೆ ಮತ್ತೆ ಹೊರಗಿನ ವಿದ್ಯುತ್ತನ್ನು ಪೂರ್ತಿ ಕಳೆದುಕೊಂಡಿದೆ. ಅಲ್ಲಿನ ಆರೂ ರಿಯಾಕ್ಟರ್‌ಗಳು ಬಹುಕಾಲದಿಂದ ನಿಂತಿದ್ದು ಶಾಖ ಕಡಿಮೆಯಾಗಿರುವುದರಿಂದ ಡೀಸೆಲ್ ಸಾಕಾಗಿದೆ. ಪೂರ್ಣ ಶಕ್ತಿಯಲ್ಲಿ ಓಡುತ್ತಿರುವ ಸ್ಥಾವರಕ್ಕೆ ಅಂಥ ದೀರ್ಘ ಕತ್ತಲೆ ಬಂದರೆ ಎಂಬುದಕ್ಕೆ ಅಲ್ಲಿಂದ ಉತ್ತರ ಸಿಗುವುದಿಲ್ಲ.

ಮೂರನೆಯದು ಹೊಣೆ. ವಿಮಾನ ವಾಯುಯಾನ ಇಲಾಖೆಯದು, ಟವರು ಪ್ರಸರಣ ಕಂಪನಿಯದು, ಸ್ವಿಚ್‌ಯಾರ್ಡಿನ ಆಚೆಗಿನದು ಗ್ರಿಡ್ ನಿರ್ವಾಹಕರದು, ರಿಯಾಕ್ಟರ್ ಅಣು ನಿಯಂತ್ರಕರದು. ಸ್ಥಾವರಕ್ಕೆ ಜೀವನಾಡಿಯಾದ ಲೈನುಗಳಿಗೆ, ಎತ್ತರ ಎಷ್ಟೇ ಇರಲಿ, ಗೋಳ ಕಟ್ಟಿಸುವ ಅಧಿಕಾರ ಇವರಲ್ಲಿ ಯಾರಿಗಿರಬೇಕು? ಎರಡನೇ ಕಾರಿಡಾರಿನ ಖರ್ಚು ಯಾರದು? ಬಳಸಿದ ಇಂಧನದ ಕೊಳಗಳು, ಡ್ರೋನುಗಳು, ಹಳೆಯ ಸ್ಥಾವರಗಳಿಗೆ ಹೊಸ ನಿಯಮ ಅನ್ವಯಿಸಬೇಕೇ ಎಂಬುದು ಇದರ ಜೊತೆಗೇ ತೂಗಾಡುತ್ತಿವೆ. ಭದ್ರತೆಯ ಹೆಸರಿನಲ್ಲಿ ಮುಚ್ಚಿಟ್ಟ ವಿಮಾನ ಬಡಿತದ ವಿಶ್ಲೇಷಣೆಗಳಲ್ಲಿ ಎಷ್ಟನ್ನು ಆ ಸ್ಥಾವರದ ನೆರೆಯಲ್ಲಿ ಬದುಕುವವರಿಗೆ ತೋರಿಸಬಹುದು ಎಂಬ ಜಗಳ ಅಮೆರಿಕದಲ್ಲೂ ಜರ್ಮನಿಯಲ್ಲೂ ಇಪ್ಪತ್ತು ವರ್ಷಗಳಿಂದ ನಡೆದಿದೆ, ನಮ್ಮಲ್ಲಿ ಇನ್ನೂ ಸರಿಯಾಗಿ ಶುರುವಾಗಿಲ್ಲ.